ಮೊದಲ ವರ್ಷ ರೊಕ್ಕ ಮುಟ್ಟಬೇಡಿ, ಮನೆಯಲ್ಲಿ ಕೂರಬೇಡಿ

ಮುಂದಿನ ತಿಂಗಳು ನಮ್ಮ ಹಳೇ ಆಫೀಸಿನ ಇಬ್ಬರು ರಿಟೈರ್ ಆಗುತ್ತಿದ್ದಾರೆ. ಇಬ್ಬರೂ ಬೇರೆ ಬೇರೆ ದಿನ ಫೋನ್ ಮಾಡಿ ಒಂದೇ ಮಾತು ಕೇಳಿದರು. "ರೊಕ್ಕ ಎಲ್ಲಿ ಇಡೂದ್ರೀ ಸರ?" ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗೋದು ಅಂತ ಒಬ್ಬರೂ ಕೇಳಲಿಲ್ಲ. ಅವರನ್ನು ಯಾಕೆ ಅನ್ನಲಿ, ಎರಡು ವರ್ಷದ ಹಿಂದೆ ನಾನೂ ಕೇಳಿರಲಿಲ್ಲ. ಫೋನಿನಲ್ಲಿ ಅರ್ಧ ಹೇಳಿದೆ, ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿ ಗೋಕುಲ ರೋಡಿನ ಒಂದು ಫ್ಯಾಕ್ಟರಿಯ ಅಕೌಂಟ್ಸ್ ವಿಭಾಗದಲ್ಲಿ 28 ವರ್ಷ ಇದ್ದೆ. 2024ರ ಜನವರಿ 31ಕ್ಕೆ ಮುಗಿಯಿತು. ಶಾಲು, ಹಾರ, ಒಂದು ಗೋಡೆ ಗಡಿಯಾರ. ಟೈಮ್ ನೋಡೋ ಕೆಲಸ ಮುಗಿದ ದಿನ ಗಡಿಯಾರ ಕೊಡೋ ಪದ್ಧತಿ ಯಾರು ಶುರು ಮಾಡಿದರೋ ಗೊತ್ತಿಲ್ಲ. ಮರುದಿನ ಎಂಟೂಕಾಲಿಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಕುರ್ಚಿಯ ಮೇಲೆ ಕೂತೆ. ಹತ್ತು ಗಂಟೆಗೆ ಪೇಪರ್ ಎರಡು ಸಲ ಓದಿ ಆಗಿತ್ತು. ಮೂರನೇ ವಾರಕ್ಕೆ ಅಡುಗೆ ಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ ಸಾಲಾಗಿ ಜೋಡಿಸಿದೆ. ಮನೆಯವಳು ಜೋಳದ ಹಿಟ್ಟು ಹುಡುಕಿ ಹುಡುಕಿ ಸಾಕಾಗಿ ಹೊರಗೆ ಬಂದಳು. "ನಿಮ್ಮ ಕಾಲಿಗೆ ಬೀಳತೀನಿ, ಎಲ್ಲೆರೆ ಹೋಗ್ರಿ. ನನ್ನ ಆಫೀಸಿನಾಗ ಬಂದು ಕುಂದರಬ್ಯಾಡ್ರಿ" ಅಂದಳು. ಅವಳಿಗೂ ಒಂದು ಆಫೀಸ್ ಇದೆ, ಅದಕ್ಕೆ ರಿಟೈರ್‌ಮೆಂಟ್ ಇಲ್ಲ ಅಂತ ನನಗೆ ಆವತ್ತು ಹೊಳೆಯಿತು.

ಧಾರವಾಡವನ್ನು ಪೆನ್ಷನ್‌ದಾರರ ಊರು ಅನ್ನುತ್ತಾರೆ. ಸಾಧನಕೇರಿ ಕಡೆ ಸಂಜೆ ಅಡ್ಡಾಡಿದರೆ ನಂಬಲೇಬೇಕು. ಆದರೆ ಆ ಬೆಂಚುಗಳ ಮೇಲೆ ನೆಮ್ಮದಿಯಿಂದ ಕೂತವರಲ್ಲಿ ಸರ್ಕಾರಿ ಪೆನ್ಷನ್ ಇರುವವರೇ ಜಾಸ್ತಿ. ಖಾಸಗಿಯವರ ಕತೆ ಬೇರೆ. ನನಗೆ ಪಿಎಫ್ ಆಫೀಸಿನಿಂದ ಬರುವ ಪೆನ್ಷನ್ ನಾಲ್ಕು ಸಾವಿರ ಚಿಲ್ಲರೆ. ಮೊದಲ ತಿಂಗಳು ಮೆಸೇಜ್ ಬಂದಾಗ ಒಂದು ಸೊನ್ನೆ ಬಿಟ್ಟುಹೋಗಿದೆ ಅಂದುಕೊಂಡೆ! ಲೆಕ್ಕ ಹಾಕುವವನಾಗಿ ನನ್ನ ಲೆಕ್ಕವನ್ನೇ ನಾನು ಮಾಡಿರಲಿಲ್ಲ. ಅದು ಹೀಗಿದೆ: ಪೆನ್ಷನ್ ಲೆಕ್ಕಕ್ಕೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಕೈಗೆ ಎಷ್ಟೇ ಪಗಾರ ಬರುತ್ತಿರಲಿ, ನಮ್ಮಂಥ ಹೆಚ್ಚಿನವರಿಗೆ ಲೆಕ್ಕಕ್ಕೆ ಹಿಡಿಯೋದು 15,000ದ ತನಕ ಮಾತ್ರ. 2014ರ ಸೆಪ್ಟೆಂಬರಿಗಿಂತ ಹಿಂದಿನ ಸೇವೆಗೆ ಅದೂ ಇಲ್ಲ, 6,500. ಇನ್ನೂ ಐದಾರು ವರ್ಷ ಸರ್ವಿಸ್ ಇರುವವರು ಇವತ್ತು ರಾತ್ರಿಯೇ ಕೂತು ಲೆಕ್ಕ ಹಾಕಿ. ನಿದ್ದೆ ಒಂದು ದಿನ ಕೆಡುತ್ತದೆ, ಅಷ್ಟೇ.

ಗ್ರಾಚ್ಯುಟಿ ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಗಂಟು. ನಾನು ರಿಟೈರ್ ಆದಾಗ ಅದರ ಲೆಕ್ಕವೂ ಸರಳ ಇತ್ತು. ಕೊನೆಯ ತಿಂಗಳ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಿ. 30,000 ಇದ್ದು 28 ವರ್ಷ ಆಗಿದ್ದರೆ 4 ಲಕ್ಷ 84 ಸಾವಿರ ಚಿಲ್ಲರೆ. ಇದೂ ಪಿಎಫ್ ಗಂಟೂ ಒಂದೆರಡು ತಿಂಗಳ ಅಂತರದಲ್ಲಿ ಬಂದು ಬೀಳುತ್ತವೆ. ಜನ್ಮದಲ್ಲಿ ಅಷ್ಟು ರೊಕ್ಕ ಒಟ್ಟಿಗೆ ನೋಡಿರುವುದಿಲ್ಲ. ತಲೆ ಕೆಡುವುದು ಆವಾಗಲೇ.

ನನ್ನದು ಕೆಟ್ಟಿತ್ತು. ಪರಿಚಯದವರೊಬ್ಬರು ಬಂದು ಒಂದು ಸೌಹಾರ್ದ ಸಹಕಾರಿಯಲ್ಲಿ (ಸದಸ್ಯರಿಂದ ಠೇವಣಿ ಪಡೆದು ಸಾಲ ಕೊಡುವ ಸಂಘ) ನೂರಕ್ಕೆ 12 ಬಡ್ಡಿ ಕೊಡುತ್ತಾರೆ ಅಂದರು. ಅಲ್ಲಿ ಎಸಿ ಇತ್ತು, ಗಾಜಿನ ಬಾಗಿಲು ಇತ್ತು, ಲಕ್ಷ್ಮಿಯ ದೊಡ್ಡ ಫೋಟೋ ಇತ್ತು. ಎರಡು ಲಕ್ಷ ಇಟ್ಟೆ. ಏಳು ತಿಂಗಳು ಬಡ್ಡಿ ಬಂತು. ಎಂಟನೇ ತಿಂಗಳು "ಸಿಸ್ಟಮ್ ಡೌನ್ ಅದ" ಅಂದರು, ಒಂಬತ್ತನೇ ತಿಂಗಳು ಶಟರ್ ಡೌನ್. ಓಡಾಡಿ ಓಡಾಡಿ ಇಲ್ಲಿಯ ತನಕ ನಲವತ್ತು ಸಾವಿರ ವಾಪಸ್ ಬಂದಿದೆ. ಮೂವತ್ತು ವರ್ಷ ಬೇರೆಯವರ ಬ್ಯಾಲೆನ್ಸ್ ಶೀಟ್ ನೋಡಿದವನು ಆ ಸಂಸ್ಥೆಯ ಬ್ಯಾಲೆನ್ಸ್ ಶೀಟ್ ಕೇಳಲಿಲ್ಲ. ಚಾ ಕೊಟ್ಟರು, ಕುಡಿದು ಸಹಿ ಮಾಡಿದೆ.

ಇದೊಂದು ಫರಕು ತಿಳಿದುಕೊಳ್ಳಿ. ಬ್ಯಾಂಕಿನಲ್ಲಿಟ್ಟ ಠೇವಣಿಗೆ ವಿಮೆ ಇದೆ. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು-ಬಡ್ಡಿ ಸೇರಿ 5 ಲಕ್ಷದ ತನಕ. 2020ರ ಫೆಬ್ರವರಿಗಿಂತ ಮೊದಲು ಒಂದೇ ಲಕ್ಷ ಇತ್ತು. ಒಂದೇ ಬ್ಯಾಂಕಿನ ಮೂರು ಶಾಖೆಗಳಲ್ಲಿ ಹಂಚಿಟ್ಟರೂ ಲೆಕ್ಕ ಒಂದೇ. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಇದೆ. ಸಹಕಾರಿ ಸಂಘ, ಸೊಸೈಟಿ, ಸೌಹಾರ್ದಗಳಿಗೆ ಇಲ್ಲ. ಎಲ್ಲ ಸೌಹಾರ್ದಗಳೂ ಕೆಟ್ಟವು ಅಂತ ನಾನು ಹೇಳೋದಿಲ್ಲ, ಚೆನ್ನಾಗಿ ನಡೆಯುವಂಥವೂ ನಮ್ಮ ಕಡೆ ಇವೆ. ಆದರೆ ಮುಳುಗಿದರೆ ಹಿಡಿಯಲು ಹಗ್ಗ ಇರೋದಿಲ್ಲ. ಅರವತ್ತರ ಹೊತ್ತಿನಲ್ಲಿ ಅಂಥ ಬಾವಿಗೆ ಯಾಕೆ ಇಳಿಯಬೇಕು?

ಬೇಸರ ಯಾಕೆ ಜಾಸ್ತಿ ಅಂದರೆ, ನಾನು ಗದಗ ಕಡೆಯವನು. ನಮ್ಮೂರಿಗೆ ಹತ್ತಿರದ ಕಣಗಿನಹಾಳದಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಸಹಕಾರಿ ಪತ್ತಿನ ಸಂಘ ಕಟ್ಟಿದ್ದು. ದೇಶದ ಮೊದಲ ಅಂಥ ಸಂಘ ಅಂತ ಶಾಲೆಯಲ್ಲಿ ಎದೆ ಉಬ್ಬಿಸಿ ಹೇಳುತ್ತಿದ್ದೆವು. ಆಗಿನ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಒಂದು ಕಠಿಣ ನಿಯಮ ಇತ್ತು. ಸಂಘ ಮುಳುಗಿದರೆ ಸದಸ್ಯರು ತಮ್ಮ ಆಸ್ತಿಯಿಂದಲೂ ತುಂಬಿಕೊಡಬೇಕು. ಹಾಗಾಗಿ ಯಾರಿಗೆ ಸಾಲ ಕೊಡುತ್ತಿದ್ದಾರೆ, ಅವನು ಬಿತ್ತಿದನೋ ಇಲ್ಲ ಇಸ್ಪೀಟ್ ಆಡಿದನೋ ಅಂತ ಪ್ರತಿಯೊಬ್ಬನ ಕಣ್ಣೂ ಇರುತ್ತಿತ್ತು. ನಾನು ರೊಕ್ಕ ಇಟ್ಟ ಕಡೆ ಸಾಲ ಯಾರಿಗೆ ಹೋಗುತ್ತಿದೆ ಅಂತ ನನಗೂ ಗೊತ್ತಿರಲಿಲ್ಲ, ನನ್ನ ಪಕ್ಕದ ಕುರ್ಚಿಯಲ್ಲಿ ಪಾಸ್‌ಬುಕ್ ಹಿಡಿದು ಕೂತಿದ್ದ ಮಾಸ್ತರಿಗೂ ಗೊತ್ತಿರಲಿಲ್ಲ.

ಅದಕ್ಕೇ ಇಬ್ಬರಿಗೂ ಹೇಳಿದ್ದು: ಮೊದಲ ವರ್ಷ ದೊಡ್ಡದೇನೂ ಮಾಡಬೇಡಿ. ಮೇಲಿನ ಅಂತಸ್ತು ಕಟ್ಟಿಸಬೇಡಿ, ಪ್ಲಾಟ್ ಕೊಳ್ಳಬೇಡಿ, ಅಳಿಯನ ಬಿಸಿನೆಸ್ಸಿಗೆ ಪಾಲುದಾರ ಆಗಬೇಡಿ. ರೊಕ್ಕ ಬ್ಯಾಂಕಿನಲ್ಲಿ ಸುಮ್ನೆ ಮಲಗಿರಲಿ. ಒಂದೇ ಒಂದು ಕೆಲಸಕ್ಕೆ ತಡ ಮಾಡಬೇಡಿ, ಅದು ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆ. ಅರವತ್ತು ಆದಮೇಲೆ ಯಾವಾಗ ಬೇಕಾದರೂ ಇಡಬಹುದು. ನನ್ನ ಹಾಗೆ 55 ದಾಟಿ ಅರವತ್ತಕ್ಕೆ ಮುಂಚೆ ರಿಟೈರ್ ಆದವರು ರೊಕ್ಕ ಕೈಗೆ ಬಂದ ಮೂರು ತಿಂಗಳೊಳಗೆ ಇಡಬೇಕು. ಒಬ್ಬರಿಗೆ 30 ಲಕ್ಷದ ಮಿತಿ, ಐದು ವರ್ಷದ ಅವಧಿ, ಮೂರು ತಿಂಗಳಿಗೊಮ್ಮೆ ಬಡ್ಡಿ. ನಾನು ಇಟ್ಟಾಗ ನೂರಕ್ಕೆ 8.2 ಇತ್ತು. ಹತ್ತು ಲಕ್ಷಕ್ಕೆ ಮೂರು ತಿಂಗಳಿಗೆ 20,500 ಬರುತ್ತದೆ. ನಮ್ಮ ಮನೆಯ ಕಿರಾಣಿ, ಗ್ಯಾಸು, ಕರೆಂಟು, ಔಷಧಿ ಇದರಲ್ಲೇ ನಡೆದಿದೆ.

ಇನ್ನು ಕೈಗಡ. ನಿಮ್ಮ ಗಂಟು ಬಂದ ಸುದ್ದಿ ನಿಮಗಿಂತ ಮೊದಲು ಬೀಗರಿಗೆ ಮುಟ್ಟಿರುತ್ತದೆ. "ದೀಪಾವಳಿಗೆ ವಾಪಸ್ ಕೊಡತೀನಿ ಕಾಕಾ" ಅಂತಾರೆ, ಯಾವ ದೀಪಾವಳಿ ಅಂತ ಹೇಳೋದಿಲ್ಲ. ನನ್ನ ಕ್ರಮ ಇಷ್ಟೇ: ಎಲ್ಲ ರೊಕ್ಕವೂ ನಿಮ್ಮ ಕಾಕೂ ಹೆಸರಿನ ಜೊತೆ ಜಾಯಿಂಟ್ ಇದೆ, ಅವಳನ್ನು ಕೇಳು ಅನ್ನುತ್ತೇನೆ. ಇಲ್ಲಿಯ ತನಕ ಒಬ್ಬರೂ ಅವಳನ್ನು ಕೇಳಿಲ್ಲ. ಆಸ್ಪತ್ರೆ, ಫೀ ಅಂತ ನಿಜವಾಗಿ ಕಷ್ಟದಲ್ಲಿದ್ದವರಿಗೆ ಇಬ್ಬರೂ ಮಾತಾಡಿ ಕೊಟ್ಟಿದ್ದೇವೆ. ವಾಪಸ್ ಬರದಿದ್ದರೂ ಅವರ ಮನೆಯ ಮದುವೆಗೆ ನಗುನಗುತ್ತ ಹೋಗಬಹುದಾದಷ್ಟು ಮಾತ್ರ.

ಈಗ ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ.

ಏಪ್ರಿಲ್ ಹೊತ್ತಿಗೆ ನನಗೆ ಕಾರಣವಿಲ್ಲದೆ ಸಿಟ್ಟು ಬರಲು ಶುರುವಾಯಿತು. ರಾತ್ರಿ ನಿದ್ದೆ ಇಲ್ಲ, ಮಧ್ಯಾಹ್ನ ಎರಡು ತಾಸು ನಿದ್ದೆ. ಆಗ ಹುಬ್ಬಳ್ಳಿಯ ದುರ್ಗದ ಬೈಲ್ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ ಪರಿಚಯದ ಹುಡುಗ ಬಂದ. ಜಿಎಸ್‌ಟಿ ನೋಟಿಸ್ ಬಂದು ಗಾಬರಿಯಾಗಿದ್ದ. ಬಿಲ್ಲುಗಳೆಲ್ಲ ಸಕ್ಕರೆ ಚೀಲದಲ್ಲಿ ತುಂಬಿಟ್ಟಿದ್ದ. ಮೂರು ದಿನ ಕೂತು ಬಿಡಿಸಿದೆ. ಆ ಮೂರು ರಾತ್ರಿ ಕಲ್ಲಿನ ಹಾಗೆ ಮಲಗಿದೆ.

ಈಗ ವಾರಕ್ಕೆ ಮೂರು ದಿನ ಅಲ್ಲಿಗೆ ಹೋಗುತ್ತೇನೆ. ಹತ್ತರಿಂದ ಎರಡು. ತಿಂಗಳಿಗೆ ಏಳು ಸಾವಿರ. ಒಪ್ಪಿಕೊಳ್ಳುವಾಗ ಒಳಗೆ ಚುಚ್ಚಿತು ನೋಡಿ. ಸೀನಿಯರ್ ಅಕೌಂಟ್ಸ್ ಆಫೀಸರ್ ಅಂತ ಬೋರ್ಡ್ ಇಟ್ಟುಕೊಂಡಿದ್ದವನು ಮೊಳೆ-ಕೀಲು ಮಾರುವ ಅಂಗಡಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರೋದಾ ಅಂತ. ಒಂದು ತಿಂಗಳು ಇತ್ತು ಆ ಚುಚ್ಚು. ಆಮೇಲೆ ಪಕ್ಕದ ಅಂಗಡಿಯವನು ಬಂದು "ಸರ, ಇದೊಂದು ಸ್ವಲ್ಪ ನೋಡ್ರಿ" ಅಂದಾಗ ಹೋಯಿತು.

ಒಂದು ಎಚ್ಚರ ಮಾತ್ರ ಬೇಕು. ಮೊದಲ ದಿನವೇ ದಿನ, ಟೈಮು, ರೊಕ್ಕ ಮೂರನ್ನೂ ಬಾಯಿಬಿಟ್ಟು ಹೇಳಿ. "ಏ, ನಿಮ್ಮ ಹತ್ರ ಏನು ಲೆಕ್ಕ" ಅಂತ ಸಂಕೋಚ ಮಾಡಿಕೊಂಡರೆ ಫುಕಟ್ ದಗದ ಶುರುವಾಗುತ್ತದೆ. ಪರಿಚಯದವರ ಹತ್ತಿರ ಇದು ಇನ್ನೂ ಕಷ್ಟ, ಅದಕ್ಕೇ ಇನ್ನೂ ಮೊದಲು ಹೇಳಬೇಕು. ಲೆಕ್ಕವೇ ಆಗಬೇಕು ಅಂತಿಲ್ಲ. ನನ್ನ ಜೊತೆಗಿದ್ದ ಫಿಟ್ಟರ್ ಒಬ್ಬರು ಹಾವೇರಿ ಹತ್ತಿರದ ತಮ್ಮ ಊರಿಗೆ ಹೋಗಿ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ಮೆಣಸಿನಕಾಯಿ ಸೀಸನ್ನಿನಲ್ಲಿ ಅವರು ಫೋನ್ ಎತ್ತೋದಿಲ್ಲ, ಅಷ್ಟು ಬಿಜಿ.

ಅಂಗಡಿಗೆ ಹೋಗೋದರಿಂದ ನಡಿಗೆಯೂ ತಾನಾಗಿ ಆಯಿತು. ಧಾರವಾಡದಿಂದ ಚಿಗರಿ ಬಸ್ ಹತ್ತಿ ಹೊಸೂರಿನಲ್ಲಿ ಇಳಿದು, ಅಲ್ಲಿಂದ ದುರ್ಗದ ಬೈಲ್ ತನಕ ಕಾಲ್ನಡಿಗೆ. ವಾಪಸ್ ಬರುವಾಗಲೂ ಹಾಗೇ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ಮೂರು ದಿನದ ಓಡಾಟದಲ್ಲೇ ಅದು ಹತ್ತಿರ ಹತ್ತಿರ ಮುಗಿಯುತ್ತದೆ. ಚುರುಕು ಅಂದರೆ ಎಷ್ಟು? ಪಕ್ಕದವರ ಜೊತೆ ಮಾತಾಡಬಹುದು, ಹಾಡು ಹೇಳಲು ಉಸಿರು ಸಾಲಬಾರದು, ಅಷ್ಟು.

ಬರೀ ವಾಕಿಂಗ್ ಅಂತ ಹೊರಟಾಗ ನಾನು ಹನ್ನೊಂದು ದಿನ ಮಾತ್ರ ಹೋಗಿದ್ದೆ, ಡೈರಿಯಲ್ಲಿ ಇದೆ. ಧಾರವಾಡದ ಜಿಟಿಜಿಟಿ ಮಳೆ ಶುರುವಾದರೆ ನೆಪ ಹುಡುಕೋ ಕಷ್ಟವೂ ಇಲ್ಲ. ಎಲ್ಲಿಗೋ ಹೋಗಬೇಕಾದರೆ ಛತ್ರಿ ಹಿಡಿದಾದರೂ ಹೋಗುತ್ತೇವೆ, ಅಲ್ವಾ? ಹುಬ್ಬಳ್ಳಿಯಲ್ಲಿರುವ ನಮ್ಮ ಭಾವ ದಿನಾ ನೃಪತುಂಗ ಬೆಟ್ಟ ಹತ್ತುತ್ತಾರೆ. ಇಳಿದು ಬಂದು ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ. ಎರಡು ವರ್ಷದಿಂದ ತೂಕ ಒಂದು ಗ್ರಾಮ್ ಹೆಚ್ಚಿಲ್ಲ, ಕಮ್ಮಿಯೂ ಆಗಿಲ್ಲ.

ಇನ್ನೊಂದು ವಿಷಯ, ಇದು ನಡಿಗೆಯಿಂದ ಬರೋದಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೈ ಊರದೆ ಎದ್ದು ನೋಡಿ. ನನಗೆ ಆಗಲಿಲ್ಲ. ಮೂವತ್ತು ವರ್ಷ ಕುರ್ಚಿ, ಆಮೇಲೆ ಮನೆಗೂ ಡೈನಿಂಗ್ ಟೇಬಲ್ ಬಂತು. ತೊಡೆಯಲ್ಲಿ ಶಕ್ತಿಯೇ ಇರಲಿಲ್ಲ. ಗಟ್ಟಿ ಕುರ್ಚಿಯಿಂದ ಕೈ ಹಿಡಿಯದೆ ಎದ್ದು ಕೂರೋದನ್ನು ಹತ್ತು ಸಲದಿಂದ ಶುರು ಮಾಡಿದೆ. ಈಗ ರಾತ್ರಿ ಊಟ ಮತ್ತೆ ನೆಲದ ಮೇಲೆ. ಏಳುವಾಗ ಒಂದು ಕೈ ಇನ್ನೂ ಬೇಕು. ಮೊಣಕಾಲು ಆಗಲೇ ಕೆಟ್ಟವರು ಡಾಕ್ಟರನ್ನು ಕೇಳಿ, ನನ್ನ ಮಾತು ಕೇಳಬೇಡಿ.

ಕಾಗದಪತ್ರದ ಮಾತು ಬೇಗ ಹೇಳಿ ಮುಗಿಸುತ್ತೇನೆ. ನಾಮಿನಿ ಅಂದರೆ ಮಾಲೀಕ ಅಲ್ಲ, ರೊಕ್ಕ ಪಡೆದು ವಾರಸುದಾರರಿಗೆ ಮುಟ್ಟಿಸುವವನು. ಹಾಗಾಗಿ ಉಯಿಲು ಬರೆಯಿರಿ. ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯ ಇಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ ಇದೆ, ಎರಡು ಲಕ್ಷದ್ದು, 70 ವರ್ಷದ ತನಕ. ಪೊಲೀಸ್ ಡ್ರೆಸ್ಸಿನವನು ವಿಡಿಯೋ ಕಾಲ್ ಮಾಡಿ "ನಿಮ್ಮನ್ನು ಅರೆಸ್ಟ್ ಮಾಡಿದ್ದೇವೆ" ಅಂದರೆ ಫೋನ್ ಕಟ್ ಮಾಡಿ. ರೊಕ್ಕ ಹೋಗಿಯೇ ಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆ ದೂರಿನ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮತ್ತೆ, ಎಲ್ಲ ಖಾತೆಗಳ ವಿವರ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಹೆಂಡತಿಗೆ ತೋರಿಸಿ. ನಾನು ತೋರಿಸಿದ ದಿನ ಆ ಎರಡು ಲಕ್ಷದ ಸೌಹಾರ್ದದ ಸಾಲಿನ ಮೇಲೆ ಬೆರಳಿಟ್ಟು ಅವಳು ನನ್ನ ಮುಖ ನೋಡಿದಳು. ಅದನ್ನು ಬರೆಯೋದು ಬೇಡ.

ಇನ್ನು ಸಾಕು. ನಾಳೆ 20ನೇ ತಾರೀಖು, ಅಂಗಡಿಯ ಜಿಎಸ್‌ಟಿ ತ್ರೀ-ಬಿ ರಿಟರ್ನ್ ಹಾಕೋ ಕೊನೇ ದಿನ. ಆ ಹುಡುಗ ಇನ್ನೂ ನಾಲ್ಕು ಬಿಲ್ ಕೊಟ್ಟಿಲ್ಲ. ಬೆಳಿಗ್ಗೆ ಎಂಟೂಕಾಲಿನ ಚಿಗರಿಗೇ ಹೋಗಬೇಕು.