ಬೋರಲು ಹಾಕಿದ ತಟ್ಟೆ

ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದಲ್ಲಿ ಗೋಧಿ ಹೊಲದ ನಡುವೆಯೇ ಆಯಸ್ಸು ಕಳೆದ ಅಜ್ಜಿಯೊಬ್ಬರ ಬಗೆಗಿನ ಲೇಖನ ಓದಿ, ಅಲ್ಲಿನ ರಾಜಧಾನಿ ರೆಜೈನಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ ನೆನಪಾದರು. ಅವರೂ ಹೊಲದ ಮನೆಯಲ್ಲೇ ಬೆಳೆದವರು. ಊಟಕ್ಕೆ ಕರೆದಾಗೆಲ್ಲ ಮೇಜಿನ ಮೇಲೆ ತಟ್ಟೆ, ಲೋಟ ಬೋರಲಾಗಿರುತ್ತಿದ್ದವು. ಬಡಿಸುವ ಹೊತ್ತಿಗೇ ಮಗುಚುತ್ತಿದ್ದರು. ಅಲ್ಲಿನ ಪದ್ಧತಿ ಇರಬೇಕು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು 1930ರ ದಶಕದ ಧೂಳಿನ ಬಿರುಗಾಳಿ ಕಲಿಸಿದ ಅಭ್ಯಾಸ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದರೂ ಮಣ್ಣು ಒಳಗೆ ನುಗ್ಗುತ್ತಿತ್ತಂತೆ. ಅವರಮ್ಮ ಹಿಟ್ಟಿನ ಚೀಲ ಬಿಚ್ಚಿ ಫ್ರಾಕ್ ಹೊಲಿಯುತ್ತಿದ್ದರಂತೆ. ಎಷ್ಟು ಒಗೆದರೂ ಬೆನ್ನ ಮೇಲೆ ಕಂಪನಿ ಹೆಸರು ಕಾಣ್ತಿತ್ತು ಅಂತ ನಗುತ್ತಿದ್ದರು.

ಲೇಖನದಲ್ಲಿ ಆ ಅಜ್ಜಿಯ ಬಗ್ಗೆ ಬರೆದ ಒಂದು ಮಾತು ಮಾತ್ರ ಒಪ್ಪಲಾಗಲಿಲ್ಲ: "ಗಂಡನಿಗೆ ನೆರವಾದರು" ಅನ್ನೋದು. ಹಾಲು ಕರೆಯೋದು, ಕೋಳಿ, ತರಕಾರಿ ತೋಟ, ಕೊಯ್ಲಿನ ಆಳುಗಳಿಗೆಲ್ಲ ಅಡುಗೆ, ಇದು ಬರೀ ನೆರವಾ? ಎಷ್ಟೋ ಮನೆಗಳಲ್ಲಿ ಬೆಣ್ಣೆ, ಮೊಟ್ಟೆ ಮಾರಿದ ಕಾಸಲ್ಲೇ ದಿನಸಿ ಬರುತ್ತಿತ್ತು. ಆದರೆ ಹಿಂದೆ ಕೆನಡಾ ಸರ್ಕಾರ ಬೇಸಾಯ ಮಾಡುವವರಿಗೆ 10 ಡಾಲರ್ ಶುಲ್ಕಕ್ಕೆ 160 ಎಕರೆ ಜಮೀನು ಕೊಡುತ್ತಿದ್ದಾಗ ಗಂಡನ ಜೊತೆಗಿರುವ ಹೆಂಗಸು ಅರ್ಜಿ ಹಾಕುವಂತೆಯೇ ಇರಲಿಲ್ಲ. (ಮಕ್ಕಳಿರುವ ವಿಧವೆಯಾದರೆ ಹಾಕಬಹುದಿತ್ತು!) ಲೇಖನದ ಅಜ್ಜಿಯ ಹೆಸರಿನಲ್ಲಿ ಜಮೀನು ಏನಾದರೂ ಇತ್ತಾ? ಅದನ್ನೂ ಕೇಳಿ ಬರೆದಿದ್ದರೆ ಚೆನ್ನಾಗಿರುತ್ತಿತ್ತು.