ತಲೆಯಿಲ್ಲದ ಐವರು

ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಆ ದಿನ ತಿನ್ನುವ, ನೇರಳೆ ಬಣ್ಣ ಬಿಡುವ ಮದ್ದು ಸೊಪ್ಪಿನ ಪಾಯಸಕ್ಕೆ ಎಲ್ಲರೂ ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ಮನೆಗೆ ಬಂದಿದ್ದರು. ಹೊರಗೆ ಬಿಡದ ಮಳೆ, ಒಳಗೆ ಎಲ್ಲರ ನಾಲಿಗೆಯೂ ನೇರಳೆ. ಆಗ ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ ಮೊಬೈಲ್ ಚಾಚಿ, "ಮಾವ, ಅಜ್ಜ ತೆಗೆದ ಫೋಟೋ ಸರಿ ಮಾಡಿದೀನಿ, ನೋಡಿ" ಅಂದ.

ಸರಿ ಮಾಡಿದ್ದಾನಂತೆ! ಅದು ಕೆಟ್ಟಿದೆ ಅಂತ ಇವನಿಗೆ ಹೇಳಿದವರು ಯಾರು?

ಅಪ್ಪನ ಹತ್ತಿರ ಒಂದು ಅಗ್ಫಾ ಕ್ಲಿಕ್ ಕ್ಯಾಮರಾ ಇತ್ತು. 120 ನಂಬರಿನ ಫಿಲ್ಮ್ ರೋಲು, ಒಂದು ರೋಲಿಗೆ 12 ಚೌಕ ಫೋಟೋ. ಹನ್ನೊಂದು ಮುಗಿದ ಮೇಲೆ ಕೊನೆಯದು "ಹುತ್ತರಿ ಹಬ್ಬಕ್ಕೆ ಇರಲಿ" ಅಂತ ತಿಂಗಳುಗಟ್ಟಲೆ ಕ್ಯಾಮರಾದೊಳಗೇ ಕೂತಿರುತ್ತಿತ್ತು. ಹಾಗೆ ಕಾದು ಕಾದು ತೆಗೆದ ಫೋಟೋ ಇದು. ಟಾಪ್ ಬಿಚ್ಚಿದ ಚಿಕ್ಕಪ್ಪನ ಜೀಪು ಬಂಪರಿನಿಂದ ಸ್ಟೆಪ್ನಿವರೆಗೆ ಪೂರ್ತಿ ಬಂದಿದೆ. ಪಕ್ಕದಲ್ಲಿ ನಿಂತ ಐವರಿಗೂ ತಲೆಯಿಲ್ಲ. ನಾಯಿ ಮಾತ್ರ ಅದೇ ಗಳಿಗೆಯಲ್ಲಿ ಕತ್ತು ಕೊಡವಿ ಎರಡು ತಲೆ ಮಾಡಿಕೊಂಡಿದೆ. ಹಿಂದೆ ಮಂಜು. ಮಂಜಿನಲ್ಲಿ ಒಂದು ಸಿಲ್ವರ್ ಮರದ ಕರಿ ಗೆರೆ, ಮೆಣಸಿನ ಬಳ್ಳಿಯಿಂದಾಗಿ ಒಂದು ಕಡೆ ದಪ್ಪ.

ನೋಡುವ ಕಿಂಡಿ ಮೇಲಿರುತ್ತದೆ, ಲೆನ್ಸ್ ಕೆಳಗೆ, ಹತ್ತಿರದಿಂದ ತೆಗೆದರೆ ತಲೆ ಹೋಗುವುದೇ ಎಂದು ಅಪ್ಪ ಕೊನೆಯವರೆಗೂ ವಾದಿಸಿದರು. ಇಡೀ ಜೀಪು ಹಿಡಿಸುವಷ್ಟು ದೂರ ನಿಂತವರ ಬಾಯಲ್ಲಿ ಈ ಮಾತು! ಅವರು ನೋಡುತ್ತಿದ್ದದ್ದೇ ಜೀಪನ್ನು.

ಆದರೆ ಮುಖ ಬಂದಿದ್ದರೆ ಈ ಫೋಟೋವನ್ನು ಒಮ್ಮೆ ನೋಡಿ ಆಲ್ಬಂ ಮುಚ್ಚುತ್ತಿದ್ದೆವು, ಅಲ್ವಾ? ಈಗ ಪ್ರತಿ ಮಳೆಗಾಲವೂ ಪಂಚಾಯಿತಿ. ಪಿನ್ನು ಚುಚ್ಚಿದ ಹವಾಯಿ ಚಪ್ಪಲಿ ಅಮ್ಮನದು, ಅದರಲ್ಲಿ ತಕರಾರಿಲ್ಲ. ಅಗಲ ಅಂಚಿನ ಸೀರೆ ತನ್ನದು, ಹಾಗಾಗಿ ಅದು ತಾನೇ ಅಂತ ದೊಡ್ಡಮ್ಮ. ಸೀರೆ ತನ್ನದು, ವಿರಾಜಪೇಟೆ ಮದುವೆಗೆಂದು ಒಯ್ದವರು ವಾಪಸ್ ಕೊಟ್ಟೇ ಇಲ್ಲ ಅಂತ ಅತ್ತೆ. ಹಾಗಾದರೆ ಸೀರೆಯೊಳಗೆ ಇರುವವರು ಯಾರು? ಅದಕ್ಕಿಂತ ದೊಡ್ಡ ಪ್ರಶ್ನೆ, ಮಳೆಯೇ ಇಲ್ಲದ ಹುತ್ತರಿ ಕಾಲದಲ್ಲಿ ಮೂರನೆಯವರು ಗಂಡಸರ ಕೊಡೆ ಹಿಡಿದು ನಿಂತದ್ದೇಕೆ? ಇನ್ನೂ ತೀರ್ಮಾನವಾಗಿಲ್ಲ. ಜೀಪಿನ ಎಡಗಡೆ ಹೆಡ್‌ಲೈಟಿನ ಗಾಜು ಬೇರೆ ಒಡೆದಿದೆ. ಅದನ್ನು ಒಡೆದವರು ಯಾರೆಂದು ಚಿಕ್ಕಪ್ಪ ಒಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತು. ತೋಟದ ಗೇಟು ಬಿದ್ದ ರಾತ್ರಿ ಅದನ್ನು ತಳ್ಳಿದ್ದು ಆನೆ, ಜೀಪಲ್ಲ ಅಂತ ಅವರು ಇವತ್ತಿಗೂ ಹೇಳುತ್ತಾರೆ.

ಇಂಥ ಫೋಟೋಗೆ ಹುಡುಗ ಅದ್ಯಾವುದೋ ಆ್ಯಪಿನಿಂದ ತಲೆ ಇಡಿಸಿದ್ದ. ಐದು ತಲೆ. ಐದಕ್ಕೂ ಒಂದೇ ನಗು, ಟೂತ್‌ಪೇಸ್ಟ್ ಜಾಹೀರಾತಿನ ಹಲ್ಲು. ನಾಯಿಯ ಒಂದು ತಲೆ ಮಾಯ. ಮಂಜೂ ಮಾಯ. ಅದಿದ್ದ ಜಾಗದಲ್ಲಿ ನೀಲಿ ಆಕಾಶ ಮತ್ತು ನಮ್ಮ ಊರಿನಲ್ಲಿಲ್ಲದ ಒಂದು ಬೆಟ್ಟ. ಕೆಲವು ಹೋಂಸ್ಟೇಯವರ ಫೋಟೋಗಳೂ ಹೀಗೇ ಇರುತ್ತವೆ. ಜುಲೈ ತಿಂಗಳಲ್ಲೂ ಅವರ ಮೇಲೆ ಮಾತ್ರ ಬಿಸಿಲು. ಅದನ್ನು ನಂಬಿ ಬಂದವರು ಜಿಗಣೆ ಕಂಡು ನಮ್ಮ ಮೇಲೆ ರೇಗುತ್ತಾರೆ. ಮಂಜನ್ನೇ ಅಳಿಸುವುದಾದರೆ ಕೊಡಗಿಗೆ ಯಾಕೆ ಬರಬೇಕು, ಸುಮ್ನೆ ಮನೆಯಲ್ಲೇ ಇರಬಹುದಲ್ಲ!

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೋಡಿದರು. "ಯಾರಿವಳು, ನನ್ನ ಸೀರೆ ಉಟ್ಕೊಂಡು ನಿಂತವಳು?"

"ನಿಮ್ಮ ಸೀರೆ ಅಂತ ಯಾರು ಹೇಳಿದ್ದು?" ಅಂದರು ಅತ್ತೆ.

ಕೆಟ್ಟ ಫೋಟೋದ ಚೆಂದ ಏನು ಅಂತ ಹುಡುಗನಿಗೆ ನಾಲ್ಕು ಮಾತು ಹೇಳೋಣ ಅಂತ ನಾನು ಪಾಯಸದ ಬಟ್ಟಲು ಕೆಳಗಿಟ್ಟೆ. ಅಷ್ಟರಲ್ಲಿ ಚಿಕ್ಕಪ್ಪ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿದರು. ಆ್ಯಪು ಹೆಡ್‌ಲೈಟಿನ ಗಾಜನ್ನೂ ಸರಿ ಮಾಡಿತ್ತು. ಫಳಫಳ.

"ಮಗಾ, ಇದನ್ನು ಮಡಿಕೇರಿಯಲ್ಲಿ ಪ್ರಿಂಟ್ ಹಾಕಿಸೋ" ಅಂದರು ಚಿಕ್ಕಪ್ಪ. "ದೊಡ್ಡ ಸೈಜು. ಫ್ರೇಮೂ ಹಾಕಿಸು."