ಮೊಟ್ಟೆ ಬರೆಸಿದವನು ಬಾಳೆಹಣ್ಣು ಕೇಳಿದಾಗ

ನಾನು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ, ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಕಲಿಯುವ ನಲಿ-ಕಲಿ ತರಗತಿಗೆ ಪಾಠ ಮಾಡುವವಳು. ಬೆಳಗಿನ ಪ್ರಾರ್ಥನೆ, ನಾಡಗೀತೆ, ಸಂವಿಧಾನ ಪೀಠಿಕೆಯ ಓದು ಮುಗಿದು ಹಾಜರಿ ಕೂಗುವಾಗಲೇ ನಮ್ಮಲ್ಲಿ ಇನ್ನೊಂದು ಲೆಕ್ಕವನ್ನೂ ಬರೆದುಕೊಳ್ಳುತ್ತೇವೆ: ಇಂದು ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು. ಅಡುಗೆಯವರು ಆ ಲೆಕ್ಕದಂತೆಯೇ ಮೊಟ್ಟೆ ಬೇಯಿಸುತ್ತಾರೆ, ಹಣ್ಣನ್ನೂ ಎಣಿಸಿಯೇ ತರಿಸುತ್ತಾರೆ. ಕಳೆದ ತಿಂಗಳು ಎರಡನೆಯ ತರಗತಿಯ ಹುಡುಗನೊಬ್ಬ ಬೆಳಿಗ್ಗೆ ಮೊಟ್ಟೆ ಬರೆಸಿ, ಮಧ್ಯಾಹ್ನ ಊಟದ ಸಾಲಿನಲ್ಲಿ ಗೆಳೆಯನ ತಟ್ಟೆಯಲ್ಲಿ ಬಾಳೆಹಣ್ಣು ಕಂಡೊಡನೆ ತನಗೂ ಅದೇ ಬೇಕೆಂದು ಹಟ ಹಿಡಿದ. ಅವನಿಗೆ ಒಂದು ಹಣ್ಣು ಕೊಟ್ಟರೆ ಸಾಲಿನ ಕೊನೆಯಲ್ಲಿರುವ ಯಾರಿಗೋ ಒಂದು ಹಣ್ಣು ಇಲ್ಲವಾಗುತ್ತದೆ. ನಾನು ಅವನ ಪಕ್ಕದಲ್ಲಿ ಕುಳಿತು, “ಇವತ್ತು ಮೊಟ್ಟೆ ಬರ್ಸಿದೀಯಪ್ಪ, ನಾಳೆ ಹಣ್ಣು ಬರ್ಸು” ಎಂದಷ್ಟೇ ಹೇಳಿದೆ. ಅತ್ತ. ತಟ್ಟೆಯನ್ನು ದೂರ ತಳ್ಳಿದ. ಅನ್ನ ಸಾರು ಆರಿದ ಮೇಲೆ ತಾನಾಗಿಯೇ ಹತ್ತಿರಕ್ಕೆ ಎಳೆದುಕೊಂಡು ಉಂಡ, ಎಲ್ಲರೂ ಕೈತೊಳೆದ ಮೇಲೆ ಕೊನೆಗೆ ಮೊಟ್ಟೆಯನ್ನೂ ತಿಂದ. ಮರುದಿನ ಅವನ ಹೆಸರು ಕೂಗಿದಾಗ ಉತ್ತರ ಕೊಡಲು ಎಷ್ಟು ಹೊತ್ತು ತೆಗೆದುಕೊಂಡನೆಂದರೆ, ಇಡೀ ತರಗತಿ ನಕ್ಕಿತು.

ಅವನು ಅತ್ತ ದಿನವೇ ಸಂಜೆ ಬಸ್ಸಿಳಿದು ದಾವಣಗೆರೆಯ ನಿಟುವಳ್ಳಿಯ ನಮ್ಮ ಮನೆ ಸೇರಿದಾಗ, ಐದನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗ ಮೊಬೈಲ್ ಹಿಡಿದು ಕುಳಿತಿದ್ದ. ಮನೆಪಾಠ ಮುಗಿದ ಮೇಲೆ ಅರ್ಧ ಗಂಟೆ ಎಂಬುದು ನಮ್ಮ ಮನೆಯ ಕಟ್ಟು. ಅರ್ಧ ಗಂಟೆ ಮುಗಿಯಿತು, ಕೊಡು ಎಂದೆ. ಇನ್ನು ಐದು ನಿಮಿಷ ಎಂದ. ಬೇಡ ಎಂದೆ. ಮತ್ತೆ ಕೇಳಿದ. ಮತ್ತೆ ಬೇಡ ಎಂದೆ. ಐದನೆಯ ಸಲವೋ ಆರನೆಯ ಸಲವೋ, ಒಲೆಯ ಮೇಲಿನ ಬೇಳೆಯನ್ನು ನೋಡುತ್ತಲೇ “ಏನಾದ್ರೂ ಮಾಡ್ಕೊ ಹೋಗು” ಎಂದುಬಿಟ್ಟೆ. ಮಧ್ಯಾಹ್ನ ಏಳು ವರ್ಷದ ಹುಡುಗನ ಅಳುವನ್ನು ತಾಳ್ಮೆಯಿಂದ ಕಾದವಳೂ ಸಂಜೆ ಸೋತು ಕೈಚೆಲ್ಲಿದವಳೂ ಒಬ್ಬಳೇ. ನಡುವೆ ಏನಾಯಿತು ಎಂದು ಯೋಚಿಸುತ್ತಾ ಹೋದದ್ದೇ ಫೇಸ್‌ಬುಕ್ಕಿನ ಈ ಬರಹಕ್ಕೆ ಕಾರಣ.

ಬೇಸರ, ದಣಿವು ಎಂದು ಸಮಾಧಾನ ಮಾಡಿಕೊಳ್ಳಬಹುದು, ಅದೂ ನಿಜವೇ. ಆದರೆ ಶಾಲೆಯಲ್ಲಿಯೂ ನನಗೆ ದಣಿವಿರುತ್ತದೆ. ವ್ಯತ್ಯಾಸ ಬೇರೆಡೆ ಇದೆ. ಶಾಲೆಯ ಹಣ್ಣಿನ ಲೆಕ್ಕಕ್ಕೆ ಮಗುವಿನಷ್ಟೇ ನಾನೂ ಬದ್ಧಳು. ನಾನು ಮನಸ್ಸು ಮಾಡಿದರೂ ಅದನ್ನು ಮುರಿಯಲಾರೆ. ನಲಿ-ಕಲಿಯ ಕೋಣೆಯಲ್ಲಿಯೂ ಹೀಗೆಯೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಮಗು ತನ್ನ ಕಲಿಕೆಯ ಮೆಟ್ಟಿಲಿಗೆ ತಕ್ಕ ಕಾರ್ಡನ್ನು ತಾನೇ ತೆಗೆದುಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ಅದೇ ಜಾಗದಲ್ಲಿ ಇಡಬೇಕು. ಇಡದಿದ್ದರೆ ಟೀಚರ್ ಬೈಯುತ್ತಾರೆ ಎಂಬುದಕ್ಕಿಂತ, ಮುಂದೆ ಬರುವ ಮಗುವಿಗೆ ಕಾರ್ಡು ಸಿಗುವುದಿಲ್ಲ ಎಂಬುದು ಅಲ್ಲಿ ಮಕ್ಕಳಿಗೇ ಕಾಣುತ್ತದೆ. ತಪ್ಪು ಜಾಗದಲ್ಲಿಟ್ಟವರು ಯಾರೆಂದು ಮಕ್ಕಳೇ ಹುಡುಕುತ್ತಾರೆ, ಎಷ್ಟೋ ಸಲ ಅದು ನಾನೇ ಆಗಿರುತ್ತೇನೆ. ಮನೆಯ ಅರ್ಧ ಗಂಟೆಯಾದರೋ ನಾನು ಹಾಕಿದ ಗೆರೆ, ನನ್ನ ಮನಸ್ಸಿನ ಹದಕ್ಕೆ ತಕ್ಕಂತೆ ಹಿಂದೆ ಮುಂದೆ ಸರಿಯುವ ಗೆರೆ. ಮಗ ಗೆರೆಯನ್ನು ನೋಡುವುದನ್ನು ಎಂದೋ ಬಿಟ್ಟು ನನ್ನ ಮುಖವನ್ನು ನೋಡುವುದನ್ನು ಕಲಿತಿದ್ದಾನೆ.

ಮುಖ ನೋಡುವ ಈ ವಿದ್ಯೆಯನ್ನು ನಾನೂ ಕಲಿತಿದ್ದೆ, ಬೇರೆ ಬಗೆಯಲ್ಲಿ. ನಾವು ಓದುವಾಗ ಮೇಷ್ಟ್ರ ಮೇಜಿನ ಮೇಲೆ ಹುಣಸೆ ಬರಲು ಇರುತ್ತಿತ್ತು. ಅವರು ಬೆಳಿಗ್ಗೆ ಸೈಕಲ್ ನಿಲ್ಲಿಸುವ ರೀತಿಯಲ್ಲೇ ಅಂದಿನ ಏಟುಗಳ ಅಂದಾಜು ನಮಗೆ ಸಿಗುತ್ತಿತ್ತು. ಮಗ್ಗಿ ತಪ್ಪಿದರೆ ಏಟು ಎಂಬುದು ಹೆಸರಿಗೆ ನಿಯಮ. ಸಂತೋಷದ ದಿನ ತಪ್ಪಿದರೂ ಏಟಿಲ್ಲ, ಕೋಪದ ದಿನ ಸರಿ ಹೇಳಿದರೂ ದನಿ ಸಣ್ಣದಾಯಿತೆಂದು ಒಂದು ಬೀಳುತ್ತಿತ್ತು. ಅದನ್ನು ಶಿಸ್ತು ಎಂದು ನೆನೆದು ಹೆಮ್ಮೆಪಡುವ ನನ್ನ ಓರಗೆಯವರನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 2010ರ ಏಪ್ರಿಲ್ 1ರಿಂದ ಕಾಯ್ದೆ ಜಾರಿಯಲ್ಲಿದೆ. ಇಷ್ಟು ವರ್ಷಗಳಾದ ಮೇಲೂ ಪೋಷಕರ ಸಭೆಯಲ್ಲಿ ಒಬ್ಬರಾದರೂ ಎದ್ದು ನಿಂತು, “ಮೇಡಮ್ಮೋರೆ, ನಾಲ್ಕು ಬಾರ್ಸ್ರಿ, ನಾವೇನೂ ಕೇಳಲ್ಲ” ಎನ್ನುತ್ತಾರೆ. ಹೀಗೆ ಹೇಳುವ ಮನೆಗಳಲ್ಲಿಯೇ ಮಗು ಅಂಗಡಿಯ ಮುಂದೆ ನೆಲಕ್ಕೆ ಬಿದ್ದು ಹೊರಳಾಡಿದರೆ ಐದು ರೂಪಾಯಿಯ ಕುರುಕಲು ಪೊಟ್ಟಣ ಕೈಗೆ ಬರುತ್ತದೆ ಎಂಬುದನ್ನೂ ನಾನು ಕಂಡಿದ್ದೇನೆ. ಒಂದು ಕಡೆ ಏಟು, ಇನ್ನೊಂದು ಕಡೆ ಕೇಳಿದ್ದೆಲ್ಲ. ನಡುವೆ ಇರಬೇಕಾದ, ಏರುದನಿಯಿಲ್ಲದೆ ಹೇಳಿ ಬದಲಿಸದೆ ನಿಲ್ಲುವ “ಇಲ್ಲ” ಎಂಬ ಮಾತು ಮಾತ್ರ ಅಪರೂಪ.

“ಶಾಲೆಯವರು ತಿದ್ದಬೇಕು” ಎನ್ನುವವರಿಗೆ ನಾನೊಂದು ಲೆಕ್ಕ ಹೇಳುತ್ತಿರುತ್ತೇನೆ. ಅದೇ ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳು, 800 ಬೋಧನಾ ಗಂಟೆಗಳು. ವರ್ಷಕ್ಕೆ ಒಟ್ಟು 8,760 ಗಂಟೆಗಳು. ಹತ್ತರಲ್ಲಿ ಒಂದು ಪಾಲೂ ಆಗದ ಆ ಸಮಯದಲ್ಲಿ ನಾವು ಸಾಲು ನಿಲ್ಲುವುದನ್ನು, ತಟ್ಟೆ ತೊಳೆದಿಡುವುದನ್ನು, ಇನ್ನೊಬ್ಬರು ಮಾತಾಡುವಾಗ ಕಾಯುವುದನ್ನು ಕಲಿಸಬಲ್ಲೆವು. ಉಳಿದದ್ದು ಮನೆಯದು. ಆದರೆ ನಮ್ಮ ಕಡೆ ಎಲ್ಲ ಮನೆಗಳಲ್ಲಿಯೂ ಹೆತ್ತವರು ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ದುಡಿಯಲು ಗುಳೆ ಹೋಗುತ್ತಾರೆ, ಮಗು ಅಜ್ಜಿಯ ಬಳಿ ಉಳಿಯುತ್ತದೆ. ಹೆತ್ತವರಿಲ್ಲದ ಮಗು ಎಂಬ ಕನಿಕರಕ್ಕೆ ಅಜ್ಜಿ ಏನನ್ನೂ ಇಲ್ಲವೆನ್ನುವುದಿಲ್ಲ. ಅಂಥ ಮಕ್ಕಳು ಶಾಲೆಯ ಗಂಟೆಗೆ ಎಲ್ಲರಿಗಿಂತ ಮುಂಚೆ ಬಂದು ಗೇಟಿನ ಬಳಿ ನಿಂತಿರುವುದನ್ನು ಕಂಡಾಗ, ದಿನದಿನವೂ ಒಂದೇ ರೀತಿ ನಡೆಯುವ ಯಾವುದೋ ಒಂದು ಅವರಿಗೆ ಎಷ್ಟು ಬೇಕಾಗಿದೆ ಎಂದು ನನಗೆ ಅನಿಸುತ್ತದೆ.

ಅಜ್ಜಿಯರ ಮಾತು ಬಂದದ್ದರಿಂದ ನನ್ನ ಅತ್ತೆಯವರ ಬಗ್ಗೆಯೂ ಹೇಳಿಬಿಡುತ್ತೇನೆ. ಅವರು ಫೇಸ್‌ಬುಕ್ ನೋಡುವುದಿಲ್ಲ, ಹಾಗಾಗಿ ಇದನ್ನು ಓದುವುದಿಲ್ಲ. ಊಟಕ್ಕೆ ಮುಂಚೆ ತಿಂಡಿ ಬೇಡ ಎಂಬುದು ನನ್ನ ನಿಯಮ. ಅತ್ತೆಯವರ ಕೋಣೆಯಲ್ಲಿ ಮಂಡಕ್ಕಿ ಒಗ್ಗರಣೆಯ ಡಬ್ಬ ಯಾವ ಹೊತ್ತಿನಲ್ಲಿಯೂ ತೆರೆದೇ ಇರುತ್ತದೆ. ಇಬ್ಬರು ಎರಡು ರೀತಿ ಹೇಳಿದರೆ ಮಗು ಹಾಳಾಗುತ್ತದೆ ಎಂದು ಬಹಳ ದಿನ ಒಳಗೊಳಗೇ ಕುದಿದಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಅಜ್ಜಿಯ ಕೋಣೆಗೊಂದು ಕಟ್ಟು, ಅಮ್ಮನ ಅಡುಗೆಮನೆಗೊಂದು ಕಟ್ಟು ಎಂಬುದನ್ನು ಮಗ ಸಲೀಸಾಗಿ ಅರ್ಥಮಾಡಿಕೊಂಡಿದ್ದಾನೆ. ಅವನನ್ನು ಗೊಂದಲಕ್ಕೆ ತಳ್ಳಿದ್ದು ಸೋಮವಾರ ಒಂದು, ಮಂಗಳವಾರ ಇನ್ನೊಂದು ಹೇಳುವ ಅದೇ ಅಮ್ಮ.

ಮೊಬೈಲಿನ ಮಟ್ಟಿಗೆ ಚಿಕ್ಕ ಮಕ್ಕಳ ವಿಷಯದಲ್ಲಿ ಹೆಚ್ಚು ಚರ್ಚೆಗೆ ಅವಕಾಶವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ 1 ವರ್ಷದೊಳಗಿನ ಕೂಸಿಗೆ ಮೊಬೈಲ್, ಟಿವಿಯ ಪರದೆಯೇ ಬೇಡ, 3–4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಮೊಬೈಲ್ ತೋರಿಸದೆ ಒಂದು ತುತ್ತೂ ಇಳಿಯದ ಮಕ್ಕಳು ಒಂದನೆಯ ತರಗತಿಗೆ ಬಂದಾಗ ಬಿಸಿಯೂಟದ ಮುಂದೆ ಸುಮ್ಮನೆ ಕುಳಿತಿರುತ್ತಾರೆ. ಹಸಿವು ಎಂದರೆ ಏನೆಂಬುದೇ ಅವರಿಗೆ ಮರೆತುಹೋದಂತಿರುತ್ತದೆ. ಎಂಟು ಹತ್ತು ದಿನಗಳಲ್ಲಿ ಸರಿಹೋಗುತ್ತದೆ.

ಕಷ್ಟವಿರುವುದು ಒಂಬತ್ತು, ಹತ್ತು, ಹನ್ನೊಂದರ ವಯಸ್ಸಿನಲ್ಲಿ. ನನ್ನ ತಂದೆ ಇಳಿಜಾರಿನ ಕೆಂಪು ಮಣ್ಣಿನ ರೈತರು. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಒಡ್ಡಿನ ಮೇಲೆ ನಡೆದು ಎಲ್ಲಿ ಮಣ್ಣು ಕುಸಿದಿದೆ, ಎಲ್ಲಿ ಏಡಿ ಇಲಿ ಬಿಲ ಮಾಡಿವೆ ಎಂದು ನೋಡಿಕೊಂಡು ಬರುತ್ತಿದ್ದರು. ಒಡ್ಡನ್ನು ಎಷ್ಟೇ ಎತ್ತರಿಸಿದರೂ ಒಂದು ಕಡೆ ಕೋಡಿ ಬಿಡುತ್ತಿದ್ದರು. ಬಿಡದಿದ್ದರೆ ದೊಡ್ಡ ಮಳೆಗೆ ನೀರು ತನಗೆ ಬೇಕಾದ ಕಡೆ ಒಡೆದುಕೊಂಡು ಹೋಗುತ್ತದೆ, ಮೆಕ್ಕೆಜೋಳದ ಜೊತೆಗೆ ಮೇಲ್ಮಣ್ಣನ್ನೂ ಒಯ್ಯುತ್ತದೆ. ಮಗನ ವಿಷಯದಲ್ಲಿ ನಾನು ಮೂರನೆಯ ತರಗತಿಯಲ್ಲಿ ಹಾಕಿದ ಒಡ್ಡನ್ನು ಒಮ್ಮೆಯೂ ನೋಡಲು ಹೋಗಿರಲಿಲ್ಲ. ಸೈಕಲ್ ನಮ್ಮ ಬೀದಿಯ ಕೊನೆಯವರೆಗೆ ಮಾತ್ರ ಎಂಬುದು ಅಂದಿನ ನಿಯಮ. ಈ ಬೇಸಿಗೆಯ ಒಂದು ಭಾನುವಾರ ಅವನು ಗೆಳೆಯರೊಂದಿಗೆ ದೂರದ ಗಾಜಿನ ಮನೆ ಉದ್ಯಾನದವರೆಗೆ ಹೋಗಿ ಬಂದದ್ದು ನನಗೆ ಪಕ್ಕದ ಮನೆಯವರಿಂದ ತಿಳಿಯಿತು. ಕೇಳಿದಾಗ ಸುಳ್ಳು ಹೇಳಲಿಲ್ಲ. “ಕೇಳಿದ್ರೆ ಬೇಡ ಅಂತಿದ್ದೆ ಅಲ್ವಾ ಅಮ್ಮ” ಎಂದ. ಹೌದು, ಖಂಡಿತ ಬೇಡ ಎನ್ನುತ್ತಿದ್ದೆ, ಕಾರಣ ಯೋಚಿಸದೆಯೇ ಎನ್ನುತ್ತಿದ್ದೆ.

ಅಂದು ಅವನ ತಂದೆಯೂ ನಾನೂ ಅವನನ್ನು ಎದುರು ಕೂರಿಸಿಕೊಂಡು ಮಾತಾಡಿದೆವು. ಬೀದಿಯ ಕೊನೆ ಎಂಬ ಗೆರೆಯನ್ನು ಅಳಿಸಿದೆವು. ವಾಹನ ದಟ್ಟಣೆಯ ದೊಡ್ಡ ರಸ್ತೆಯನ್ನು ದೊಡ್ಡವರಿಲ್ಲದೆ ದಾಟಬಾರದು, ಹೋಗುವ ಮುಂಚೆ ಎಲ್ಲಿಗೆಂದು ಹೇಳಬೇಕು, ಬೀದಿದೀಪ ಹತ್ತುವ ಮುಂಚೆ ಮನೆಯಲ್ಲಿರಬೇಕು ಎಂದು ಮೂರು ಮಾತು ಉಳಿಸಿಕೊಂಡೆವು. ದೀಪದ ಮಾತು ಅವನದೇ. ನಾನು ಆರು ಗಂಟೆ ಎಂದಿದ್ದೆ, ತನ್ನ ಬಳಿ ಗಡಿಯಾರವಿಲ್ಲ ಎಂದು ಅವನು ವಾದಿಸಿದ. ನಮ್ಮ ಬೀದಿಯ ದೀಪಗಳು ಕೆಲವು ದಿನ ಹತ್ತುವುದೇ ಇಲ್ಲ ಎಂಬುದು ಆಮೇಲೆ ಹೊಳೆಯಿತು.

ಆ ಮಾತುಕತೆಯಲ್ಲಿ ಅವನೂ ತನ್ನ ಕಡೆಯಿಂದ ಎರಡು ಗೆರೆ ಎಳೆದ. ತನ್ನ ಶಾಲಾ ಬ್ಯಾಗನ್ನು ತಾನಿಲ್ಲದಾಗ ತೆಗೆದು ನೋಡಬಾರದು. ಊರಿನ ಜಾತ್ರೆಗೆ ಹೋದಾಗ, ಬಂದ ನೆಂಟರೆಲ್ಲ ಕೆನ್ನೆ ಹಿಂಡುವಾಗ, ಮುತ್ತು ಕೊಡು ಎಂದು ನಾವು ಒತ್ತಾಯಿಸಬಾರದು. ಎರಡನೆಯದನ್ನು ಕೇಳಿ ನನಗೆ ನಾಚಿಕೆಯಾಯಿತು. ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಎಂದು ತರಗತಿಯಲ್ಲಿ ಚಿತ್ರ ತೋರಿಸಿ ಪಾಠ ಮಾಡುವವಳು ನಾನು. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವವಳು. ಬೇಡವೆನ್ನುವ ಹಕ್ಕು ನಿನ್ನ ಮೈಗೆ ಇದೆ ಎಂದು ಶಾಲೆಯಲ್ಲಿ ಹೇಳಿ, ನೆಂಟರು ಬೇಸರ ಮಾಡಿಕೊಳ್ಳುತ್ತಾರೆ ಎಂದು ನನ್ನದೇ ಮಗನನ್ನು ಮುಂದಕ್ಕೆ ದೂಡುತ್ತಿದ್ದೆ.

ಇನ್ನೊಂದನ್ನು ಅವನು ಹೇಳಲಿಲ್ಲ, ನಾನೇ ಒಪ್ಪಿಕೊಳ್ಳಬೇಕು. ಈ ಫೇಸ್‌ಬುಕ್ಕಿನಲ್ಲಿ ಖಾತೆ ತೆರೆಯಲು ಕನಿಷ್ಠ 13 ವರ್ಷ ಆಗಿರಬೇಕು. ಅಂಥದೇ ನಿಯಮ ಇನ್ನೂ ಹಲವು ಕಡೆ ಇದೆ. ಕಳೆದ ವರ್ಷ ಅವನು ಒಂದು ಆಟಕ್ಕಾಗಿ ಪೀಡಿಸಿದಾಗ, ಅದು ಹುಟ್ಟಿದ ಇಸವಿ ಕೇಳಿತು. ನಾನು ನಾಲ್ಕು ವರ್ಷ ಹಿಂದಿನ ಇಸವಿಯನ್ನು ಒತ್ತಿ ಮೊಬೈಲನ್ನು ಅವನ ಕೈಗಿಟ್ಟೆ. ಅವನು ನನ್ನ ಭುಜದ ಮೇಲಿಂದ ನೋಡುತ್ತಿದ್ದ. ನಿಯಮವೊಂದು ಅಡ್ಡ ಬಂದರೆ ಏನು ಮಾಡಬೇಕೆಂಬ ಪಾಠ ಅರ್ಧ ನಿಮಿಷದಲ್ಲಿ ಮುಗಿದಿತ್ತು. ಈಚೆಗೆ ಆ ಖಾತೆಯನ್ನು ಅವನ ಎದುರಿಗೇ ಅಳಿಸಿ, ತಪ್ಪು ನನ್ನದು ಎಂದೆ. ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆ ಮೌನವನ್ನು ತುಂಬಲು ಬೆಣ್ಣೆದೋಸೆಗೆ ಕರೆದುಕೊಂಡು ಹೋಗೋಣವೇ ಎಂದು ನಾಲಗೆಯ ತುದಿಗೆ ಬಂದದ್ದನ್ನು ತಡೆದುಕೊಂಡೆ. ಮೂರನೆಯ ವಾರ ಹೋದೆವು, ಬೇರೆ ಯಾವುದೋ ಕಾರಣಕ್ಕೆ.

ಈಗ ನಮ್ಮ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಮೂರೂ ಮೊಬೈಲ್‌ಗಳು ದೇವರ ಗೂಡಿನ ಪಕ್ಕದ ಸಜ್ಜೆಯ ಮೇಲೆ ಹೋಗುತ್ತವೆ: ನನ್ನದು, ಯಜಮಾನರದು, ಅತ್ತೆಯವರದು. ಮಗನಿಗೆ ಸ್ವಂತ ಮೊಬೈಲ್ ಇಲ್ಲವಾದ್ದರಿಂದ ಎತ್ತಿಡುವ ಕೆಲಸ ಅವನದು, ಅದನ್ನು ಅವನು ಬಹಳ ಕಟ್ಟುನಿಟ್ಟಾಗಿ ಮಾಡುತ್ತಾನೆ. ಮೊನ್ನೆ ಗುರುವಾರ ಒಂಬತ್ತಕ್ಕೆ ಎರಡು ನಿಮಿಷವಿದ್ದಾಗ ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಮಕ್ಕಳ ಮಾಹಿತಿಯನ್ನು ಕೂಡಲೇ ನಿಗದಿತ ನಮೂನೆಯಲ್ಲಿ ಕಳುಹಿಸಬೇಕೆಂಬ ಸಂದೇಶ ಬಂತು. ನಾನು ಒತ್ತುತ್ತಾ ಕುಳಿತಿದ್ದೆ. ಮಗ ಬಂದು ಎದುರು ನಿಂತು ಕೈ ಚಾಚಿದ. ಇನ್ನು ಐದು ನಿಮಿಷ ಕೊಡಪ್ಪ ಎಂದೆ. ಅವನು ಏನೂ ಹೇಳಲಿಲ್ಲ, ಕೈಯನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಕೊಟ್ಟೆ. ಬೆಳಿಗ್ಗೆ ಬಸ್ಸಿನಲ್ಲಿ ಕುಳಿತು ಗುಂಪು ತೆರೆದಾಗ, ಮಾಹಿತಿ ಸಲ್ಲಿಸದವರ ಪಟ್ಟಿಯಲ್ಲಿ ನಮ್ಮ ಶಾಲೆಯ ಹೆಸರು ಮೂರನೆಯದಾಗಿತ್ತು. ಬಿಳಿಚೋಡು ಬರುವಷ್ಟರಲ್ಲಿ ಭರ್ತಿ ಮಾಡಿ ಕಳುಹಿಸಿದೆ.